ಜಟ್ಟಿ ದೊರೆಯ ದಸರಾ ಲೆಕ್ಕ

ದಸರಾ ಬಂತೆಂದರೆ ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಜನ ಮೈಸೂರಿನ ರೈಲು, ಬಸ್ಸು ಹತ್ತುತ್ತಾರೆ. ಕೆಲವರಿಗೆ ಜಂಬೂ ಸವಾರಿ ಮುಖ್ಯ, ಕೆಲವರಿಗೆ ಕುಸ್ತಿಯೇ ಮುಖ್ಯ. ಹಬ್ಬಕ್ಕೂ ಕುಸ್ತಿಗೂ ಏನು ನಂಟು ಅಂತ ಕೇಳಿದರೆ ರಣಧೀರ ಕಂಠೀರವನ ಕಥೆ ಹೇಳಬೇಕಾಗುತ್ತೆ. 1960ರ ಸಿನಿಮಾದಲ್ಲಿ ರಾಜ್‌ಕುಮಾರ್ ಮಾಡಿದ ಪಾತ್ರವೇ ಈ ಕಂಠೀರವ ನರಸರಾಜ ಒಡೆಯರ್.

ಹುಟ್ಟಿದ್ದು 1615ರಲ್ಲಿ, ಬೆಟ್ಟದ ಚಾಮರಾಜ ಒಡೆಯರ ಮಗನಾಗಿ. 1638ರಲ್ಲಿ ಇಮ್ಮಡಿ ರಾಜ ಒಡೆಯರನ್ನು ದಳವಾಯಿ ವಿಕ್ರಮರಾಯ ವಿಷ ಹಾಕಿಸಿ ಕೊಲ್ಲಿಸಿದ ಮೇಲೆ ಪಟ್ಟ ಇವನ ಪಾಲಿಗೆ ಬಂತು. ಪಟ್ಟವೇನೋ ಸಿಕ್ಕಿತು, ಜೀವಕ್ಕೆ ಗ್ಯಾರಂಟಿ ಇರಲಿಲ್ಲ. ಮೊದಲು ದಳವಾಯಿಯ ಆಟ ಮುಗಿಸಿದ. ಬೆನ್ನಿಗೇ ಬಿಜಾಪುರದ ರಣದುಲ್ಲಾ ಖಾನ್ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿದ. ಅವನನ್ನೂ ಹಿಮ್ಮೆಟ್ಟಿಸಿದ. ಆಮೇಲೆ ಸ್ವಂತ ಟಂಕಸಾಲೆ ತೆರೆದು ಕಂಠೀರಾಯಿ ಹಣ ಹೊಡೆಸಿದ.

ಮೈಕಟ್ಟು ಅಂಥಾದ್ದೇ. ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಅಲ್ಲಿನ ಹೆಸರಾಂತ ಜಟ್ಟಿಯನ್ನು ಮುಗಿಸಿ ಬಂದ ಕಥೆಯನ್ನು ಜನ ಇವತ್ತಿಗೂ ಹೇಳುತ್ತಾರೆ.

ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ದು 1610ರಲ್ಲಿ, ರಾಜ ಒಡೆಯರು. ಕಂಠೀರವ ಅದಕ್ಕೆ ಭಾರಿ ಕಳೆ ಕಟ್ಟಿದ. ಗೋವಿಂದ ವೈದ್ಯ 1648ರಲ್ಲಿ ಬರೆದ ಕಾವ್ಯದಲ್ಲಿ ಒಂಬತ್ತು ದಿನದ ಒಡ್ಡೋಲಗ, ಜಟ್ಟಿ ಕಾಳಗ, ಬಾಣಬಿರುಸು ಎಲ್ಲದರ ವರ್ಣನೆ ಉಂಟು. ಇದು ಬರೀ ಮೋಜಲ್ಲ. ಸೋತ ಪಾಳೆಯಗಾರರ ಮೇಲೆ ವರ್ಷ ವರ್ಷ ದಂಡು ಕಳಿಸುವುದು ದುಬಾರಿ. ಅವರನ್ನೇ ಕರೆಸಿ ಅಖಾಡದ ಪಕ್ಕ ಕೂರಿಸಿದರೆ ದೊರೆಯ ಬಲ ಎಷ್ಟು ಅಂತ ಕಣ್ಣಾರೆ ಕಾಣುತ್ತೆ. ಪ್ರಜೆಗೂ ರಾಜ್ಯ ಗಟ್ಟಿಯಿದೆ ಅನ್ನೋ ಧೈರ್ಯ. ಹಳೇಬೀಡಿನ ಗುಡಿ ನೋಡಿದವರಿಗೆ ಇದು ಹೊಸದಲ್ಲ. ಹೊಯ್ಸಳ ಶಿಲ್ಪಿಗಳೂ ಜಟ್ಟಿಗಳನ್ನು ಕಲ್ಲಲ್ಲಿ ಕೆತ್ತಿದ್ದಾರೆ.

1659ರಲ್ಲಿ ಕಂಠೀರವ ತೀರಿಕೊಂಡ. ಅವನ ಲೆಕ್ಕ ಮಾತ್ರ ಸಾಯಲಿಲ್ಲ. ಬೆಂಗಳೂರಿನ ದೊಡ್ಡ ಸ್ಟೇಡಿಯಂಗೆ ಅವನದೇ ಹೆಸರು. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಸಿ ಸರ್ಕಾರವೂ ತನ್ನ ಬಲ ತೋರಿಸಿತು. ಆ ನೆಪದಲ್ಲಿ ಕೋರಮಂಗಲದಲ್ಲಿ ಆಟಗಾರರಿಗೆಂದು ವಸತಿ ಸಮುಚ್ಚಯವೇ ಎದ್ದಿತು.

ದಸರಾ ಕ್ರೀಡಾಕೂಟ ಈಗಲೂ ತಾಲ್ಲೂಕಿನಿಂದಲೇ ಶುರು. ಅರಸೀಕೆರೆ, ಬೇಲೂರಿನಲ್ಲಿ ಗೆದ್ದ ಹುಡುಗರು ಹಾಸನಕ್ಕೆ, ಅಲ್ಲಿ ಗೆದ್ದವರು ಮುಂದಕ್ಕೆ. ಮೆರವಣಿಗೆ ಮೈಸೂರಲ್ಲಿ, ಸ್ಟೇಡಿಯಂ ಬೆಂಗಳೂರಲ್ಲಿ ಇರಬಹುದು, ಆದರೆ ಆಟಗಾರ ತಯಾರಾಗುವುದು ಊರಿನ ಮೈದಾನದಲ್ಲೇ. ಕಂಠೀರವನೂ ಗರಡಿ ಮಣ್ಣಿಂದಲೇ ಎದ್ದು ಬಂದವನು. ಕ್ರೀಡೆಯ ದುಡ್ಡು ಹಂಚೋರು ಅದನ್ನು ಮರೆಯಬಾರದು.