ತ.ರಾ.ಸು. ಮತ್ತು ಚಾಮಯ್ಯ ಮೇಷ್ಟ್ರು

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಕುವೆಂಪು ಅವರ ಗುರುಗಳಾದ ಪ್ರೊ. ಟಿ. ಎಸ್. ವೆಂಕಣ್ಣಯ್ಯನವರು ಇದೇ ಮನೆತನದ ಹಿರಿಯರು. ಹೀಗೆ ಮೇಷ್ಟರ ಹಿರಿಮೆಯನ್ನು ಮನೆಯಲ್ಲೇ ಕಂಡು ಬೆಳೆದ ಹುಡುಗ ಸ್ವಾತಂತ್ರ್ಯ ಹೋರಾಟದ ಸೆಳೆತಕ್ಕೆ ಸಿಕ್ಕಿ ಕಾಲೇಜು ಬಿಟ್ಟರು. ಪತ್ರಕರ್ತರಾದರು, ಪ್ರಗತಿಶೀಲ ಚಳವಳಿಯಲ್ಲಿ ಅ.ನ.ಕೃ. ಅವರೊಡನೆ ದುಡಿದರು, ಬರಹವನ್ನೇ ನಂಬಿ ಬದುಕಿದರು.

ಶಿರಾ ದಾಟಿ ಹಿರಿಯೂರಿನ ಹಾದಿ ಹಿಡಿದರೆ ಸಿಗುವ ಚಿತ್ರದುರ್ಗವೇ ಅವರ ಕಾದಂಬರಿಗಳ ಜೀವ. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ಚಿತ್ರ ಮಾಡಿದರು. ನಾಡೆಲ್ಲ ಮೆಚ್ಚಿತು. ಕಾದಂಬರಿಕಾರರು ಮಾತ್ರ ಮೆಚ್ಚಲಿಲ್ಲ. ತೆರೆಯ ಮೇಲಿನ ರಾಮಾಚಾರಿ ತಮ್ಮ ರಾಮಾಚಾರಿಯಲ್ಲವೆಂಬ ಅಸಮಾಧಾನವನ್ನು ಅವರು ಮುಚ್ಚಿಡಲಿಲ್ಲ.

ಅವರ ನೋವು ನ್ಯಾಯವಾದದ್ದೇ. ಆದರೂ ಮೂರು ಕಾದಂಬರಿ ಒಂದು ಚಿತ್ರವಾಗುವಾಗ ಏನು ಬಿಟ್ಟುಹೋಯಿತೆಂದು ಪಟ್ಟಿ ಮಾಡಿದರಷ್ಟೇ ಅದು ವಿಮರ್ಶೆಯಾಗದು. ಕಥೆಯ ತಿರುಳಿನ ಪ್ರಶ್ನೆ ಉಳಿಯಿತೇ ಎಂದು ನೋಡಬೇಕು. ಚಿತ್ರದಲ್ಲಿ ಪ್ರಾಂಶುಪಾಲರನ್ನೇ ಕಂಬಕ್ಕೆ ಕಟ್ಟುವ ರಾಮಾಚಾರಿ, ಚಿಕ್ಕಂದಿನ ಗುರು ಚಾಮಯ್ಯನವರ ಮುಂದೆ ಮಾತ್ರ ಮೆತ್ತಗಾಗುತ್ತಾನೆ. ಆ ಗುರುವಿನ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅವಳ ಬಾಳು ಹಾಳಾಗುತ್ತದೆ. ಮುಂದೆ ಮಾರ್ಗರೆಟ್‌ಳ ವಿಷಯದಲ್ಲೂ ಗುರು ಅಡ್ಡ ನಿಂತಾಗ ಮೂವರೂ ಉಳಿಯುವುದಿಲ್ಲ. ಪ್ರೀತಿಸುವ ಗುರುವಿಗೆ ಶಿಷ್ಯನ ಬದುಕಿನ ಮೇಲೆ ಎಷ್ಟು ಹಕ್ಕು? ಅಶ್ವತ್ಥರ ಚಾಮಯ್ಯನನ್ನು ಕಂಡು ಕಣ್ಣೊರೆಸಿಕೊಳ್ಳುವ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಕಡಿಮೆ. ಚಿತ್ರ ಅದನ್ನು ಉಳಿಸಿಕೊಂಡಿದೆ. ಅದೇ ಅದರ ಗೆಲುವು.

1974ರಲ್ಲಿ ಪುಟ್ಟಣ್ಣನವರೇ ಹಿಂದಿಯಲ್ಲಿ ಮಾಡಿದ 'ಜಹ್ರೀಲಾ ಇನ್ಸಾನ್' ಅಷ್ಟು ನಿಲ್ಲಲಿಲ್ಲ. ದುರ್ಗದ ಮಣ್ಣಿನ ಮಾತು ಬೇರೆ ಭಾಷೆಗೆ ಸುಲಭವಾಗಿ ಹೋಗದು.

ತ.ರಾ.ಸು. 1984ರಲ್ಲಿ ತೀರಿಕೊಂಡರು. ಮರುವರ್ಷ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಪುಸ್ತಕ ಓದಿ ಚಿತ್ರವನ್ನೂ ನೋಡಲಿ. ಒಂದೇ ಸನ್ನಿವೇಶವನ್ನು ಎರಡರಲ್ಲೂ ಹೋಲಿಸಿ ಚರ್ಚಿಸಲಿ. ಯಾರ ಮಾತನ್ನೂ ಕೇಳದ ತುಂಟ ಹುಡುಗ ನಿಮ್ಮೊಬ್ಬರ ಮಾತು ಕೇಳಿದ ದಿನ ಸಂತೋಷಪಡಿ. ಅಂದೇ ಹೆಚ್ಚು ಎಚ್ಚರವನ್ನೂ ವಹಿಸಿ.