ಕೆನರಾ ಕ್ಷೇತ್ರ ಪಕ್ಷ ಬಿಟ್ಟು ಓಟು ಹಾಕಿದ್ದು ಒಂದೇ ಸಲ: ದಿನಕರ ದೇಸಾಯಿಯವರ ಕಥೆ

ಕೆನರಾ ಲೋಕಸಭಾ ಕ್ಷೇತ್ರ ಅನ್ನುವ ಹೆಸರು ಈಗ ಇಲ್ಲ. 2008ರ ಕ್ಷೇತ್ರ ವಿಂಗಡಣೆಯಲ್ಲಿ ಅದು ಉತ್ತರ ಕನ್ನಡ ಆಯಿತು. ಹಳೆಯ ಕ್ಷೇತ್ರದ ಜಮಾಖರ್ಚು ತೆಗೆದು ನೋಡಿದರೆ 1952ರಿಂದ 2004ರ ತನಕ ಒಟ್ಟು 14 ಮಹಾಚುನಾವಣೆ. ಅದರಲ್ಲಿ ಹತ್ತು ಸಲ ಕಾಂಗ್ರೆಸ್, ಮೂರು ಸಲ ಬಿಜೆಪಿ. ಹತ್ತು ಮತ್ತು ಮೂರು ಹದಿಮೂರು. ಉಳಿದ ಒಂದು ಯಾರದು?

ಅದು ಅಂಕೋಲೆಯ ದಿನಕರ ದೇಸಾಯಿಯವರದು. 1967ರಲ್ಲಿ ಯಾವ ಪಕ್ಷದ ಟಿಕೆಟ್ಟೂ ಇಲ್ಲದೆ, ಪಕ್ಷೇತರರಾಗಿ ನಿಂತು ಗೆದ್ದರು. ಆ ವರ್ಷ ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ ಪಕ್ಷೇತರರು ಗೆದ್ದದ್ದು ಇದೊಂದರಲ್ಲಿ ಮಾತ್ರ. ಹೇಗೆ ಗೆದ್ದರು ಅನ್ನುವುದಕ್ಕೆ ಉತ್ತರ ಆ ವರ್ಷದ ಪ್ರಚಾರದಲ್ಲಿ ಸಿಗುವುದಿಲ್ಲ. ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಂಕೋಲೆಯಿಂದ ಮುಂಬಯಿಗೆ

ದೇಸಾಯಿಯವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲೂಕಿನಲ್ಲಿ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿ ಕಾಗದ, ಕೋರ್ಟಿನ ಅಪೀಲು, ಹೊಟ್ಟೆಪಾಡಿನ ಕೆಲಸ, ಎಲ್ಲಕ್ಕೂ ಜನ ಮುಂಬಯಿಯ ಕಡೆ ಮುಖ ಮಾಡುತ್ತಿದ್ದ ಕಾಲ. ದೇಸಾಯಿಯವರು ಮೈಸೂರಿನಲ್ಲಿ ಬಿ.ಎ. ಮುಗಿಸಿ ಮುಂಬಯಿ ಸೇರಿದರು. ಅಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದರು, ಕಾನೂನೂ ಓದಿದರು. ಕಲ್ಯಾಣ ಚಾಲುಕ್ಯರ ಮಹಾಮಂಡಲೇಶ್ವರರ ಮೇಲೆ ಅವರು ಮಾಡಿದ ಸಂಶೋಧನೆ ಮುಂದೆ ಪುಸ್ತಕವಾಗಿಯೂ ಬಂತು.

ಇಷ್ಟು ಓದಿದವರು ಕರೀ ಕೋಟು ಹಾಕಿಕೊಂಡು ಮುಂಬಯಿಯಲ್ಲೇ ವಕೀಲಿ ನಡೆಸಬಹುದಿತ್ತು. ದೇಸಾಯಿಯವರು ಹಾಗೆ ಮಾಡಲಿಲ್ಲ. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಸೇರಿದರು. ಆ ಸಮಾಜದ ಸದಸ್ಯರಾದವರು ಸ್ವಂತ ಸಂಪಾದನೆಯ ಆಸೆ ಬಿಟ್ಟು ಜೀವಮಾನ ಪೂರ್ತಿ ಸಾರ್ವಜನಿಕ ಕೆಲಸಕ್ಕೆ ನಿಲ್ಲಬೇಕಿತ್ತು.

ಸಮಾಜದಲ್ಲಿ ಅವರ ಪಾಲಿಗೆ ಬಂದದ್ದು ಹಡಗಿನ ಕೂಲಿಕಾರರ ಕೆಲಸ. ಕರಾವಳಿಯ ಎಷ್ಟೋ ಮನೆಗಳ ಗಂಡಸರು ಮುಂಬಯಿ ಬಂದರಿನಿಂದ ಹಡಗು ಹತ್ತುತ್ತಿದ್ದರು. ತಿಂಗಳುಗಟ್ಟಲೆ ನೀರಿನ ಮೇಲೆ ಇದ್ದು, ದಡಕ್ಕೆ ಬಂದ ಮೇಲೆ ಮುಂದಿನ ಹಡಗು ಸಿಗುವ ತನಕ ಕೈ ಖಾಲಿ. ಇವರ ಸಂಘಟನೆಗೆ ದೇಸಾಯಿಯವರು ದುಡಿದರು. ಭಾರತದ ನಾವಿಕ ಕಾರ್ಮಿಕರ ಸ್ಥಿತಿಗತಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು.

ಗೇಣಿದಾರನ ಪರ ನಿಂತದ್ದಕ್ಕೆ ಗಡಿಪಾರು

ಮುಂಬಯಿಯಲ್ಲಿದ್ದರೂ ಊರು ಮರೆಯಲಿಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಅಂಕೋಲೆ. ಮುಂದೆ ಕರನಿರಾಕರಣೆ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರ ಕಡೆಯ ರೈತರು ಜಮೀನು, ದನಕರು, ಪಾತ್ರೆ ಪಗಡೆ ಕಳೆದುಕೊಂಡಿದ್ದರು. ಆದರೆ ಸರ್ಕಾರದ ಜೊತೆಗಿನ ಜಗಳ ಒಂದು ಕಡೆಯಾದರೆ, ಹೊಲದ ಒಡೆಯನ ಜೊತೆಗಿನ ಲೆಕ್ಕ ಇನ್ನೊಂದು ಕಡೆ ಹಾಗೇ ಉಳಿದಿತ್ತು. ಉಳುವವನು ಒಬ್ಬ, ಪಟ್ಟೆಯಲ್ಲಿ ಹೆಸರು ಇನ್ನೊಬ್ಬನದು. ಮಳೆ ಹೋದರೂ, ಗಜನಿಗೆ ಉಪ್ಪುನೀರು ನುಗ್ಗಿದರೂ ಗೇಣಿ ಮಾತ್ರ ಅಳೆಯಲೇಬೇಕು. ಅಳೆಯದಿದ್ದರೆ ಮುಂದಿನ ಮಳೆಗಾಲಕ್ಕೆ ಆ ಗದ್ದೆ ಬೇರೆಯವರಿಗೆ.

1930ರ ದಶಕದ ಕೊನೆಯಲ್ಲಿ ದೇಸಾಯಿಯವರು ಈ ಗೇಣಿದಾರರನ್ನು ಒಟ್ಟುಗೂಡಿಸಿದರು. ಉಳುವವನಿಗೇ ಭೂಮಿಯ ಹಕ್ಕು ಸಿಗಬೇಕು ಅನ್ನುವುದು ಬೇಡಿಕೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದವರಲ್ಲೇ ಎಷ್ಟೋ ಮಂದಿ ಜಮೀನುದಾರರು. ದೇಶಕ್ಕೆ ಬಿಡುಗಡೆ ಬೇಕು ಅಂದವರೆಲ್ಲ ಗೇಣಿಗೂ ಬಿಡುಗಡೆ ಬೇಕು ಅನ್ನಲು ತಯಾರಿರಲಿಲ್ಲ.

ಬ್ರಿಟಿಷ್ ಸರ್ಕಾರ ಸುಮ್ಮನೆ ಕೂರಲಿಲ್ಲ. 1940ರಲ್ಲಿ ದೇಸಾಯಿಯವರನ್ನು ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿತು. ಹುಟ್ಟಿದ ಊರಿಗೇ ಕಾಲಿಡುವಂತಿಲ್ಲ. ಆದರೆ ಹುಕುಂ ನಿಂತದ್ದು ಮನುಷ್ಯನ ಮೇಲೆ. ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ, ನಾಡವರ, ನಾಮಧಾರಿಗಳ ಮನೆಗಳಲ್ಲಿ ಹಕ್ಕಿನ ಮಾತು ನಡೆಯುತ್ತಲೇ ಇತ್ತು.

ಓಟಿಗೆ ಮೊದಲು ಶಾಲೆ

ಸ್ವಾತಂತ್ರ್ಯ ಬಂತು. 1952ರಲ್ಲಿ ಮೊದಲ ಚುನಾವಣೆಯೂ ಬಂತು. ಕೆನರಾ ಕ್ಷೇತ್ರದಿಂದ ಕಾಂಗ್ರೆಸ್ಸಿನ ಜೋಕಿಂ ಆಳ್ವ ಗೆದ್ದರು. ಮೂಲ ಉಡುಪಿ ಕಡೆಯವರು, ಮುಂಬಯಿಯಲ್ಲಿ ಪತ್ರಕರ್ತರಾಗಿ ಹೆಸರು ಮಾಡಿದವರು. 1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾಯಿತು, ಎಂ.ಪಿ. ಬದಲಾಗಲಿಲ್ಲ. 1957ರಲ್ಲೂ 1962ರಲ್ಲೂ ಆಳ್ವರೇ.

ಈ ಹೊತ್ತಿನಲ್ಲಿ ದೇಸಾಯಿಯವರು ಬೇರೆಯೇ ಲೆಕ್ಕ ಹಾಕುತ್ತಿದ್ದರು. ಮೊದಲ ಚುನಾವಣೆ ಮುಗಿದ ಮಾರನೇ ವರ್ಷ, 1953ರಲ್ಲಿ, ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಗೇಣಿ ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತುವವನಿಗೆ ಅದರಲ್ಲಿ ಏನು ಬರೆದಿದೆ ಅಂತ ಗೊತ್ತಾಗುವ ತನಕ ಯಾವ ಕಾನೂನು ಬಂದರೂ ಉಪಯೋಗ ಕಡಿಮೆ. ಹೈಸ್ಕೂಲು ಬೇಕಾದರೆ ದೊಡ್ಡ ಊರಿಗೆ ಹೋಗಬೇಕು. ಹೋಗಿ ಉಳಿಯಲು ದುಡ್ಡು ಬೇಕು. ದುಡ್ಡಿದ್ದವರ ಮಕ್ಕಳು ಓದಿದರು, ಇಲ್ಲದವರ ಮಕ್ಕಳು ದನ ಕಾಯಲು ಹೋದರು.

ಟ್ರಸ್ಟಿನ ಶಾಲೆಗಳು ಒಂದೊಂದಾಗಿ ಎದ್ದವು. ಅಂಕೋಲೆಯಲ್ಲಿ ಪೀಪಲ್ಸ್ ಹೈಸ್ಕೂಲು. ಜನತಾ ವಿದ್ಯಾಲಯ ಎಂಬ ಹೆಸರಿನಲ್ಲಿ ಮಿರ್ಜಾನ, ಮುರ್ಡೇಶ್ವರ, ಶಿರಾಲಿ, ದಾಂಡೇಲಿ. ಹೆಸರು ನೋಡಿದರೇ ತಿಳಿಯುತ್ತದೆ. ಶಾಲೆಯ ಬಾಗಿಲ ಮೇಲೆ ದೇಸಾಯಿಯವರ ಹೆಸರಿಲ್ಲ, ಜನತೆಯ ಹೆಸರಿದೆ. 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷವಾದಾಗ, ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಶುರುವಾಯಿತು. ಅಲ್ಲಿಯ ತನಕ ಡಿಗ್ರಿ ಓದಬೇಕೆಂದರೆ ಅಂಕೋಲೆ ಬಿಟ್ಟು ಹೊರಡಲೇಬೇಕಿತ್ತು.

ಜೊತೆಗೆ ಅವರದೇ ವಾರಪತ್ರಿಕೆ, ಜನಸೇವಕ. ಅದರಲ್ಲಿ ನಾಲ್ಕು ಸಾಲಿನ ಚುಟುಕಗಳು ಬರುತ್ತಿದ್ದವು. ಲಂಚ ತಿನ್ನುವ ಅಧಿಕಾರಿ, ಓಟು ಮುಗಿದ ಮೇಲೆ ಮುಖ ತೋರಿಸದ ಮಂತ್ರಿ, ಧರ್ಮದ ಹೆಸರಿನಲ್ಲಿ ಹೊಟ್ಟೆ ಹೊರೆಯುವವರು, ಯಾರನ್ನೂ ಬಿಡಲಿಲ್ಲ. ನಾಲ್ಕೇ ಸಾಲು, ಪ್ರಾಸ ಬೇರೆ. ಹಾಗಾಗಿ ಓದಲು ಬಾರದವನಿಗೂ ಒಮ್ಮೆ ಕೇಳಿದರೆ ನೆನಪಿರುತ್ತಿತ್ತು. ಚಾ ಅಂಗಡಿಯಲ್ಲಿ ಒಬ್ಬ ಓದಿದರೆ ಸಂತೆಯಲ್ಲಿ ಹತ್ತು ಜನ ಹೇಳುತ್ತಿದ್ದರು. ಕನ್ನಡ ನಾಡು ಅವರನ್ನು ಚುಟುಕು ಬ್ರಹ್ಮ ಅಂತ ಕರೆದದ್ದು ಇದಕ್ಕೇ.

1967: ಎರಡು ಚೀಟಿಯ ಚುನಾವಣೆ

1967ರ ಫೆಬ್ರವರಿಯಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಮತದಾನ. ಮತದಾರನ ಕೈಯಲ್ಲಿ ಎರಡು ಚೀಟಿ, ಒಂದು ಬೆಂಗಳೂರಿಗೆ, ಒಂದು ದಿಲ್ಲಿಗೆ. ಪಕ್ಷದ ಅಭ್ಯರ್ಥಿಗೆ ಇದರಿಂದ ಅನುಕೂಲ. ಎಮ್ಮೆಲ್ಲೆಗೆ ನಿಂತವನು ಓಡಾಡಿದರೆ ಎಂ.ಪಿ.ಗೂ ಓಟು ಬೀಳುತ್ತದೆ. ಪಕ್ಷೇತರನಿಗೆ ಹಾಗೆ ಎಳೆಯುವವರು ಯಾರೂ ಇಲ್ಲ.

ಕ್ಷೇತ್ರವೋ ದೊಡ್ಡದು. ಕರಾವಳಿ ಒಂದು ಕಡೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಇನ್ನೊಂದು ಕಡೆ. ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕು ನದಿ. ಕಾರವಾರದ ಹತ್ತಿರ ಕಾಳಿಗೆ ಆಗ ಸೇತುವೆಯೇ ಇರಲಿಲ್ಲ, ದಾಟಬೇಕಾದರೆ ದೋಣಿ. ಕರಾವಳಿಗೆ ರೈಲೂ ಇರಲಿಲ್ಲ. ಸಾಲದ್ದಕ್ಕೆ ಕಾರವಾರ ನಮಗೆ ಬೇಕು ಅಂತ ಮಹಾರಾಷ್ಟ್ರದ ಬೇಡಿಕೆ. ಗಡಿ ವಿಚಾರಕ್ಕೆ ನೇಮಿಸಿದ ಮಹಾಜನ ಆಯೋಗದ ಮುಂದೆ ಆ ಪ್ರಶ್ನೆ ಇನ್ನೂ ಇತ್ತು.

ಇಂಥ ಕಡೆ ಪಕ್ಷವಿಲ್ಲದವನ ಪರ ಓಡಾಡುವವರು ಯಾರು? ಇಲ್ಲಿ ಒಂದು ಸಣ್ಣ ಲೆಕ್ಕ ನೋಡಿ. ಆಗ ಓಟಿನ ವಯಸ್ಸು 21. 1950ರ ದಶಕದಲ್ಲಿ ಹತ್ತು ಹನ್ನೆರಡು ವರ್ಷದವರಾಗಿ ಟ್ರಸ್ಟಿನ ಶಾಲೆಗೆ ಸೇರಿದ ಮಕ್ಕಳು 1967ಕ್ಕೆ ಮತದಾರರಾಗಿದ್ದರು. ಅವರ ಅಪ್ಪಂದಿರಿಗೆ ಗೇಣಿ ಹೋರಾಟದ ನೆನಪಿತ್ತು. ಒಂದೇ ಮನೆಯಲ್ಲಿ ಎರಡು ತಲೆಮಾರಿಗೆ ಒಂದೇ ಹೆಸರು ಪರಿಚಯ. ಇಷ್ಟು ಗಟ್ಟಿ ಬೇರು ಯಾವ ಚಿಹ್ನೆಗೂ ಒಂದು ತಿಂಗಳ ಪ್ರಚಾರದಲ್ಲಿ ಬರುವುದಿಲ್ಲ. ದೇಸಾಯಿಯವರು ಗೆದ್ದರು.

ಆ ಲೋಕಸಭೆಯಲ್ಲಿ 520 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು 283. ಅದಕ್ಕೆ ಮೊದಲ ಬಾರಿ ಬಿಸಿ ತಟ್ಟಿದ ವರ್ಷ ಅದು. ಪಕ್ಕದ ಶಿವಮೊಗ್ಗದಿಂದ ಸಮಾಜವಾದಿ ಜೆ.ಎಚ್. ಪಟೇಲರು ಅದೇ ಸಭೆಗೆ ಹೋಗಿ ಕನ್ನಡದಲ್ಲಿ ಮಾತಾಡಿ ದಿಲ್ಲಿಯನ್ನು ಬೆರಗುಗೊಳಿಸಿದರು.

ಕುರ್ಚಿ ಹೋಯಿತು, ಕೆಲಸ ಉಳಿಯಿತು

ಐದು ವರ್ಷ ಪೂರ್ತಿ ಸಿಗಲಿಲ್ಲ. 1970ರ ಡಿಸೆಂಬರಿನಲ್ಲಿ ಲೋಕಸಭೆ ವಿಸರ್ಜನೆಯಾಯಿತು. 1971ರ ಮಾರ್ಚಿನಲ್ಲಿ ಇಂದಿರಾ ಗಾಂಧಿಯವರ ಅಲೆ. ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಅವರ ಕಾಂಗ್ರೆಸ್ಸಿಗೆ ಹೋದವು. ಕೆನರಾ ಕ್ಷೇತ್ರದಿಂದ ಬಿ.ವಿ. ನಾಯಕರು ಆಯ್ಕೆಯಾದರು. ಅಲ್ಲಿಂದ ಮುಂದೆ ಪಕ್ಷವಿಲ್ಲದವನಿಗೆ ಈ ಕ್ಷೇತ್ರ ಮತ್ತೆ ಬಾಗಿಲು ತೆರೆಯಲಿಲ್ಲ. 1977ರಲ್ಲಿ ಬಿ.ಪಿ. ಕದಂ. 1980ರಿಂದ 1991ರ ತನಕ ನಾಲ್ಕು ಸಲ ಜಿ. ದೇವರಾಯ ನಾಯ್ಕ. 1996 ಮತ್ತು 1998ರಲ್ಲಿ ಬಿಜೆಪಿಯ ಅನಂತಕುಮಾರ ಹೆಗಡೆ. 1999ರಲ್ಲಿ ಜೋಕಿಂ ಆಳ್ವರ ಸೊಸೆ ಮಾರ್ಗರೆಟ್ ಆಳ್ವ. 2004ರಲ್ಲಿ ಮತ್ತೆ ಹೆಗಡೆ. ಅಲ್ಲಿಗೆ ಕೆನರಾ ಖಾತೆ ಮುಗಿಯಿತು.

ದೇಸಾಯಿಯವರ ಖಾತೆ ಮಾತ್ರ ಸಂಸತ್ತಿನ ಜೊತೆ ಮುಗಿಯುವಂಥದ್ದಾಗಿರಲಿಲ್ಲ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾನೂನನ್ನು ಬಿಗಿ ಮಾಡಿತು. ಗೇಣಿದಾರರು ನಮೂನೆ 7 ತುಂಬಿ, ಡಿಕ್ಲರೇಶನ್ ಹಾಕಿ, ಉಳುತ್ತಿದ್ದ ಗದ್ದೆಗೆ ತಾವೇ ಒಡೆಯರಾದರು. ಉತ್ತರ ಕನ್ನಡದಲ್ಲಿ ಇದರ ಫಲ ಚೆನ್ನಾಗಿಯೇ ಕಂಡಿತು. ಯಾವ ಬೇಡಿಕೆಗಾಗಿ 1940ರಲ್ಲಿ ಒಬ್ಬನನ್ನು ಜಿಲ್ಲೆಯಿಂದ ಹೊರಗೆ ಹಾಕಿದ್ದರೋ ಅದೇ ಬೇಡಿಕೆ 34 ವರ್ಷದ ಮೇಲೆ ಸರ್ಕಾರಿ ಅರ್ಜಿಯ ನಮೂನೆಯಾಯಿತು. ಅದನ್ನು ನೋಡಲು ದೇಸಾಯಿಯವರು ಬದುಕಿದ್ದರು. ತೀರಿಕೊಂಡದ್ದು 1982ರ ನವೆಂಬರ್ 6ರಂದು.

ಹೊಸ ವಿಂಗಡಣೆಯಲ್ಲಿ ಹೋದದ್ದು ಕೆನರಾ ಹೆಸರೊಂದೇ ಅಲ್ಲ. ಅಂಕೋಲಾ ವಿಧಾನಸಭಾ ಕ್ಷೇತ್ರವೂ ಹೋಯಿತು. ಅಂಕೋಲೆಯವರು ಈಗ ಓಟು ಹಾಕುವುದು ಕಾರವಾರ ಕ್ಷೇತ್ರಕ್ಕೆ. ಹೀಗೆ ದೇಸಾಯಿಯವರ ಊರಿನ ಹೆಸರೂ ಅವರ ಕ್ಷೇತ್ರದ ಹೆಸರೂ ಚುನಾವಣೆಯ ನಕ್ಷೆಯಿಂದ ಅಳಿಸಿದವು. ಎಂ.ಪಿ.ಯಾಗಿ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷವೂ ತುಂಬದ ಅವಧಿ. ಪಕ್ಷೇತರನಾಗಿ ಅಷ್ಟರಲ್ಲಿ ದಿಲ್ಲಿಯಿಂದ ತರಬಹುದಾದದ್ದು ಎಷ್ಟು ಅಂತ ಯಾರಾದರೂ ಕೇಳಬಹುದು, ಕೇಳಬೇಕಾದ ಮಾತೇ. ಆದರೆ ಈ ಜಿಲ್ಲೆಗೆ ಅವರು ಕೊಟ್ಟದ್ದರಲ್ಲಿ ಹೆಚ್ಚಿನ ಪಾಲು ಓಟು ಕೇಳುವುದಕ್ಕೆ ಮೊದಲೇ ಕೊಟ್ಟಾಗಿತ್ತು. ಬೆಳಿಗ್ಗೆ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಪುಸ್ತಕ ಹಿಡಿದು ಇಳಿಯುವ ಹುಡುಗ ಹುಡುಗಿಯರಿಗೆ 1967ರ ಚುನಾವಣೆ ಗೊತ್ತಿರಲಿ, ಬಿಡಲಿ, ಕಾಲೇಜಿನ ದಾರಿ ಗೊತ್ತಿದೆ.