ಸ್ಕೈಲ್ಯಾಬ್ ಉಳಿಸಿದ ಪೀಟ್ ಕಾನ್ರಾಡ್

ಸ್ಕೈಲ್ಯಾಬ್ ಎಂಬ ಹೆಸರನ್ನು ಮನೆಯ ಹಿರಿಯರ ಮುಂದೆ ಹೇಳಿ ನೋಡಿ. 1979ರ ಜುಲೈನಲ್ಲಿ ಅದು ತಲೆಯ ಮೇಲೆಯೇ ಬೀಳುತ್ತದೆಂದು ಊರೂರು ಹೆದರಿದ ಕಥೆಯನ್ನು ಅವರು ಹೇಳಿಯಾರು. ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಆದರೆ ಅಮೆರಿಕದ ಈ ಬಾಹ್ಯಾಕಾಶ ನಿಲ್ದಾಣ ಆರು ವರ್ಷ ಮೊದಲು, ಹಾರಿದ ದಿನವೇ ಕೈತಪ್ಪುವುದರಲ್ಲಿತ್ತು. ಅದನ್ನು ಉಳಿಸಿದ ತಂಡದ ನಾಯಕ ಪೀಟ್ ಕಾನ್ರಾಡ್.

1930ರ ಜೂನ್ 2ರಂದು ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಕಾನ್ರಾಡ್ ಓದಿನಲ್ಲಿ ಹಿಂದೆ. ಅಕ್ಷರ ಗುರುತಿಸಲು ಕಷ್ಟವಾಗುವ ಡಿಸ್ಲೆಕ್ಸಿಯಾ ಅವರಿಗಿತ್ತು. ಅಂದು ಅದನ್ನು ಅರಿತವರು ಕಡಿಮೆ. ಹನ್ನೊಂದನೇ ತರಗತಿಯಲ್ಲಿ ನಪಾಸಾದಾಗ ಶಾಲೆಯಿಂದಲೇ ಹೊರಹಾಕಿದರು. ತಾಯಿ ಬಿಡಲಿಲ್ಲ, ಬೇರೆ ಶಾಲೆಗೆ ಸೇರಿಸಿದರು. ಅಲ್ಲಿ ಕಲಿಯುವ ಬೇರೊಂದು ಕ್ರಮ ಸಿಕ್ಕಿತು. ಅದೇ ಹುಡುಗ ನೌಕಾಪಡೆಯ ವಿದ್ಯಾರ್ಥಿವೇತನ ಪಡೆದು 1953ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವೀಧರನಾದ!

ನೌಕಾಪಡೆಯ ಪೈಲಟ್ ಆದ ಮೇಲೂ ಸೋಲು ತಪ್ಪಲಿಲ್ಲ. ಮೊದಲ ಗಗನಯಾತ್ರಿಗಳ ಆಯ್ಕೆಯಲ್ಲಿ ಅವರನ್ನು ಕೈಬಿಡಲಾಯಿತು. 1962ರಲ್ಲಿ ಆಯ್ಕೆಯಾದರು. ಎರಡು ಜೆಮಿನಿ ಯಾನಗಳ ನಂತರ 1969ರ ನವೆಂಬರ್‌ನಲ್ಲಿ ಅಪೊಲೊ 12ರಲ್ಲಿ ಚಂದ್ರನ ಮೇಲೆ ನಡೆದ ಮೂರನೆಯ ಮನುಷ್ಯರಾದರು.

ಇನ್ನು ಸ್ಕೈಲ್ಯಾಬ್. 1973ರ ಮೇ 14ರಂದು ಅದು ಮೇಲೇರಿದ ಒಂದೇ ನಿಮಿಷದಲ್ಲಿ ಹೊರಗಿನ ರಕ್ಷಾಕವಚ ಕಿತ್ತುಹೋಯಿತು. ಜೊತೆಗೆ ಸೌರಫಲಕದ ಒಂದು ರೆಕ್ಕೆಯೂ ಹೋಯಿತು. ಇನ್ನೊಂದು ಲೋಹದ ಪಟ್ಟಿಗೆ ಸಿಕ್ಕಿಕೊಂಡಿತು. ಒಳಗೆ 50 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿ. ತುಂಬಿಟ್ಟಿದ್ದ ಆಹಾರ, ಔಷಧ, ಫಿಲ್ಮ್ ಕೆಡುವ ಭಯ. ಆಳಿಲ್ಲದೆ ಸಾಮಾನು ಒಯ್ಯುವ ನೌಕೆ ಆಗ ಯಾರಲ್ಲೂ ಇರಲಿಲ್ಲ. ಬೇಕಾದುದನ್ನೆಲ್ಲ ಯಾತ್ರಿಗಳೇ ಒಯ್ಯಬೇಕು. ಮರುದಿನವೇ ಹೊರಡಬೇಕಿದ್ದ ಕಾನ್ರಾಡ್, ವೈದ್ಯ ಜೋಸೆಫ್ ಕರ್ವಿನ್, ಪಾಲ್ ವೈಟ್ಜ್ ಹತ್ತು ದಿನ ತಡೆದರು. ಆ ಹತ್ತು ದಿನಗಳಲ್ಲಿ ಎಂಜಿನಿಯರುಗಳು ಹಗಲಿರುಳು ದುಡಿದು ಕೊಡೆಯಂತೆ ಬಿಚ್ಚುವ ಬಿಸಿಲುತಡೆ ಮತ್ತು ಉಪಕರಣಗಳನ್ನು ಸಿದ್ಧಪಡಿಸಿದರು.

ಮೇ 25ರಂದು ಇಕ್ಕಟ್ಟಾದ ಅಪೊಲೊ ನೌಕೆಯಲ್ಲಿ ಇವನ್ನೆಲ್ಲ ತುರುಕಿಕೊಂಡು ಹೊರಟರು. ನಿಲ್ದಾಣಕ್ಕೆ ನೌಕೆ ಜೋಡಿಸುವುದೇ ಹಲವು ಸಲ ವಿಫಲವಾಯಿತು. ಕಡೆಗೆ ಒಳಹೊಕ್ಕು, ಗೋಡೆಯ ಸಣ್ಣ ಕಿಂಡಿಯಿಂದ ಕೊಡೆಯನ್ನು ಹೊರಗೆ ತೂರಿಸಿ ಬಿಚ್ಚಿದರು. ನಿಲ್ದಾಣ ತಣ್ಣಗಾಗತೊಡಗಿತು.

ವಿದ್ಯುತ್ ಮಾತ್ರ ಸಾಲದು. ಜೂನ್ 7ರಂದು ಕಾನ್ರಾಡ್ ಮತ್ತು ಕರ್ವಿನ್ ಹೊರಗಿಳಿದು, ಉದ್ದನೆಯ ಕೋಲಿನ ತುದಿಯ ಕತ್ತರಿಯಿಂದ ಆ ಪಟ್ಟಿಯನ್ನು ಕತ್ತರಿಸಿದರು. ಆದರೂ ರೆಕ್ಕೆ ಅಲುಗದು! ಹಗ್ಗ ಕಟ್ಟಿ ಇಬ್ಬರೂ ಜಗ್ಗಿದಾಗ ಅದು ತಟ್ಟನೆ ಬಿಚ್ಚಿಕೊಂಡಿತು; ಇಬ್ಬರೂ ಶೂನ್ಯಕ್ಕೆ ಎಸೆಯಲ್ಪಟ್ಟರು. ಸೊಂಟದ ಬಂಧವಿತ್ತು, ಬದುಕಿದರು.

28 ದಿನ ಅಲ್ಲಿದ್ದು ಜೂನ್ 22ರಂದು ಮರಳಿದರು. ಅವರು ಸರಿಪಡಿಸಿದ ಮನೆಯಲ್ಲಿ ಮುಂದಿನ ಎರಡು ತಂಡಗಳು 59 ಹಾಗೂ 84 ದಿನ ಬಾಳಿದವು. ಚಂದ್ರನ ಮೇಲೆ ನಡೆದದ್ದಕ್ಕಿಂತ ಈ ದುರಸ್ತಿಯೇ ಕಾನ್ರಾಡ್‌ಗೆ ಹೆಚ್ಚಿನ ಹೆಮ್ಮೆಯಾಗಿತ್ತು. 1999ರ ಜುಲೈ 8ರಂದು, 69ರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಅವರು ತೀರಿಕೊಂಡರು.